ಹಳೆಯ 7-ಜಿಪ್‌ನಲ್ಲಿ ಫೈಲ್ ಬಿಚ್ಚಿದ ಮಾತ್ರಕ್ಕೇ ಅಪಾಯವಿದೆಯೇ?

ಕಲಬುರಗಿಯಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ನಡೆಸುವ ತಾವು, ಗ್ರಾಹಕರು ಕಳುಹಿಸುವ ಜಿಪ್ ಫೈಲ್‌ಗಳನ್ನು, ಅಂದರೆ ಹಲವು ಫೈಲ್‌ಗಳನ್ನು ಒತ್ತಿ ಕಟ್ಟಿದ ಗಂಟುಗಳನ್ನು, ವರ್ಷಗಳ ಹಿಂದಿನ 7-ಜಿಪ್ ಎಂಬ ತಂತ್ರಾಂಶದಲ್ಲಿ ಬಿಚ್ಚುತ್ತೀರಿ. ಒಳಗಿನ ಪ್ರೋಗ್ರಾಮ್ ಯಾವುದನ್ನೂ ಚಲಾಯಿಸದಿದ್ದರೆ ಸಾಕಲ್ಲವೇ, 7-ಜಿಪ್ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದಾದ ಮುಕ್ತ ತಂತ್ರಾಂಶವೂ ಹೌದಲ್ಲವೇ ಎಂದು ಕೇಳಿದ್ದೀರಿ. ಸಾಲದು. ಇದೇ ಊರಿನ ಕೆಲವು ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವನಾದ ನಾನೂ ಬಹಳ ದಿನ ಹಾಗೆಯೇ ನಂಬಿದ್ದೆ.

ಇಂಥ ಫೈಲ್ ತನ್ನೊಳಗೆ ಏನಿದೆ, ಎಷ್ಟಿದೆ ಎಂಬುದನ್ನು ತಾನೇ ಹೇಳಿಕೊಳ್ಳುತ್ತದೆ. 7-ಜಿಪ್ ಸಿ ಮತ್ತು ಸಿ++ ಭಾಷೆಗಳಲ್ಲಿ ಬರೆದದ್ದು. ಅಲ್ಲಿ ಆ ಹೇಳಿಕೆಯನ್ನು ತಾಳೆ ನೋಡುವ ಹೊಣೆ ಪ್ರೋಗ್ರಾಮ್ ಬರೆದವರದ್ದೇ. ನಮ್ಮ ಗಂಜ್ ಮಾರುಕಟ್ಟೆಯ ಅಡತ ಅಂಗಡಿಯಲ್ಲಿ ಐವತ್ತು ಕಿಲೋ ಹಿಡಿಸುವ ಖಾನೆಗೆ, ತೂಗದೆಯೇ, ದೊಡ್ಡ ಚೀಲವೊಂದನ್ನು ಸುರಿದರೆ ಮಿಕ್ಕ ತೊಗರಿ ಪಕ್ಕದ ಖಾನೆಗೆ ಬೀಳುತ್ತದೆ. ಮೆಮೊರಿಯಲ್ಲಿ ಆ ಪಕ್ಕದ ಖಾನೆ, ಮುಂದೆ ಯಾವ ಆದೇಶ ನಡೆಸಬೇಕೆಂಬ ವಿಳಾಸವಿರುವ ಜಾಗವೂ ಆಗಿರಬಹುದು. ಆಗ ಫೈಲ್ ಕಳುಹಿಸಿದವನ ಆದೇಶವೇ ತಮ್ಮ ಕಂಪ್ಯೂಟರ್‌ನಲ್ಲಿ ನಡೆಯಬಹುದು.

2016ರಲ್ಲಿ ಸಿಸ್ಕೊ ಕಂಪನಿಯ ಟಾಲೋಸ್ ಎಂಬ ಸುರಕ್ಷತಾ ತಂಡ 7-ಜಿಪ್‌ನಲ್ಲಿ ಪತ್ತೆಹಚ್ಚಿದ ದೋಷ ನಿಖರವಾಗಿ ಇಂಥದ್ದೇ. ಮ್ಯಾಕ್ ಕಂಪ್ಯೂಟರ್‌ಗಳ ಎಚ್‌ಎಫ್‌ಎಸ್+ ಮಾದರಿಯ ಡಿಸ್ಕ್ ಇಮೇಜನ್ನು (ಇಡೀ ಡಿಸ್ಕಿನ ನಕಲಿರುವ ಫೈಲನ್ನು) ಓದುವ ಭಾಗದಲ್ಲಿ, ಸುಮಾರು 64 ಕಿಲೋಬೈಟ್‌ನ ಜಾಗಕ್ಕೆ, ಫೈಲ್ ಹೇಳಿದಷ್ಟು ದತ್ತಾಂಶವನ್ನು ಅಳೆಯದೆ ತುಂಬಲಾಗುತ್ತಿತ್ತು. ಅದು 16.00 ಆವೃತ್ತಿಯಲ್ಲಿ ಸರಿಹೋಯಿತು. ರಾರ್, ಝಡ್‌ಸ್ಟ್ಯಾಂಡರ್ಡ್ ಎಂಬವು ಜಿಪ್‌ನಂತೆ ಫೈಲ್ ಒತ್ತುವ ಬೇರೆ ಮಾದರಿಗಳು. 2018ರ 18.05 ಆವೃತ್ತಿಯಲ್ಲಿ ರಾರ್ ಬಿಚ್ಚುವ ಭಾಗದ ದೋಷ, 24.07ರಲ್ಲಿ ಝಡ್‌ಸ್ಟ್ಯಾಂಡರ್ಡ್ ಭಾಗದ್ದು, 2025ರ 25.00ರಲ್ಲಿ ರಾರ್‌ನ ಹೊಸ ರೂಪವಾದ ರಾರ್5ರ ಭಾಗದ್ದು ಸರಿಯಾದವು.

'ನಾನು ಜಿಪ್ ಮಾತ್ರ ಬಿಚ್ಚುವುದು' ಎಂದು ತಾವು ಬರೆದಿರುವ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುತ್ತದೆ. ಹೆಸರಿನ ಕೊನೆಯಲ್ಲಿ ಜಿಪ್ ಎಂದಿದ್ದರೂ ಒಳಗಿರುವುದು ರಾರ್ ಆಗಿದ್ದರೆ, 7-ಜಿಪ್ ಆರಂಭದ ಬೈಟ್‌ಗಳಿಂದ ಅದನ್ನು ಗುರುತಿಸಿ ರಾರ್ ಭಾಗಕ್ಕೇ ಒಪ್ಪಿಸುತ್ತದೆ. ನಮ್ಮ ಕಡೆ ಯಾರೂ ಮುಟ್ಟದ ಮಾದರಿಗಳನ್ನು ಓದುವ ಭಾಗಗಳೂ ತಮ್ಮ ಕಂಪ್ಯೂಟರ್‌ನಲ್ಲಿ ಹೀಗೆ ಎಚ್ಚರವಾಗಿರುತ್ತವೆ.

ಮುಕ್ತ ತಂತ್ರಾಂಶವಾದ್ದರಿಂದ ಹೊರಗಿನವರು ಮೂಲವನ್ನು ಓದಿ ತಪ್ಪು ಹಿಡಿಯಲು ಸಾಧ್ಯವಾಗುತ್ತದೆ, ಆ ಲಾಭ ನಿಜ. ಆದರೆ 7-ಜಿಪ್ ತಾನಾಗಿ ನವೀಕರಣಗೊಳ್ಳುವುದಿಲ್ಲವಾದ್ದರಿಂದ, ತಿದ್ದಿದ ಪ್ರತಿ ತಮ್ಮ ಅಂಗಡಿಗೆ ತಾನೇ ನಡೆದು ಬರುವುದಿಲ್ಲ. ಇಲ್ಲಿನ ಒಂದು ಕಚೇರಿಯಲ್ಲಿ 2010ರ 9.20 ಆವೃತ್ತಿ ಇನ್ನೂ ಬಳಕೆಯಲ್ಲಿದ್ದುದನ್ನು ಕಂಡಿದ್ದೇನೆ. ಮೇಲೆ ಹೇಳಿದ ತಿದ್ದುಪಡಿಗಳಲ್ಲಿ ಒಂದೂ ಅದರಲ್ಲಿರಲಿಲ್ಲ.

ಆದ್ದರಿಂದ ಹೆಲ್ಪ್ ಮೆನುವಿನಲ್ಲಿ ಆವೃತ್ತಿಯ ಸಂಖ್ಯೆಯನ್ನು ನೋಡಿ, ಅಧಿಕೃತ ತಾಣದಿಂದಲೇ ಹೊಸದನ್ನು ಹಾಕಿಕೊಳ್ಳಿ. ವಿಂಡೋಸ್ 11 ಆದರೆ 2023ರಿಂದೀಚೆಗೆ ರಾರ್ ಫೈಲ್‌ಗಳನ್ನೂ 7-ಜಿಪ್‌ನದೇ ಮಾದರಿಯಾದ 7ಝಡ್ ಫೈಲ್‌ಗಳನ್ನೂ ತಾನೇ ಬಿಚ್ಚಬಲ್ಲದು. ಅದಕ್ಕೆ ಬಳಸಿರುವ ಲಿಬ್‌ಆರ್ಕೈವ್ ಎಂಬ ಮುಕ್ತ ತಂತ್ರಾಂಶ ಕೂಡ ಸಿ ಭಾಷೆಯದೇ, ಅದರಲ್ಲೂ ಇಂಥ ದೋಷಗಳು ಸಿಕ್ಕಿವೆ, ಆದರೆ ತಿದ್ದುಪಡಿಗಳು ವಿಂಡೋಸ್ ನವೀಕರಣದ ಜೊತೆಗೇ ಬರುತ್ತವೆ. ಕೌಂಟರಿನ ಕಂಪ್ಯೂಟರ್‌ನಲ್ಲಿ ಅಡ್ಮಿನ್ ಅಲ್ಲದ ಖಾತೆಯೊಂದನ್ನು ಮಾಡಿ, ಗ್ರಾಹಕರ ಫೈಲ್‌ಗಳನ್ನು ಅದರಲ್ಲಿಯೇ ತೆರೆಯಿರಿ. ದಾಳಿ ನಡೆದರೂ ಅದಕ್ಕೆ ಸಿಗುವುದು ಆ ಖಾತೆಗಿರುವಷ್ಟೇ ಅಧಿಕಾರ.