ಮುಂಬೈಯ ಲೋವರ್ ಪರೇಲ್‌ನ ಮಿಲ್‌ಗಳ ಜಾಗದಲ್ಲಿ ಇಷ್ಟೊಂದು ಗಾಜಿನ ಟವರ್‌ಗಳು ಬಂದದ್ದು ಹೇಗೆ?

1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಆಮೇಲೆ ಎಷ್ಟೋ ಮಿಲ್‌ಗಳು ಚೇತರಿಸಿಕೊಳ್ಳಲೇ ಇಲ್ಲ. ಆದರೆ ಟವರ್‌ಗಳಿಗೆ ಮುಷ್ಕರವೇ ಕಾರಣ ಅನ್ನುವುದು ಅರ್ಧ ಮಾತು. ಉಳಿದರ್ಧ ನಿಯಮದಲ್ಲಿದೆ.

1991ರ ನಿಯಮದಂತೆ ಮಿಲ್ ಜಾಗವನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಸುಮಾರು ಮೂರರಲ್ಲೊಂದು ಪಾಲು ಪಾಲಿಕೆಯ ಬಯಲಿಗೆ, ಇನ್ನೊಂದು ಕಡಿಮೆ ಬೆಲೆಯ ಮನೆಗಳಿಗೆ, ಮಿಕ್ಕಿದ್ದು ಮಾಲೀಕರಿಗೆ. 2001ರಲ್ಲಿ ಇದು ಬದಲಾಯಿತು: ಕಟ್ಟಡವಿಲ್ಲದ ಖಾಲಿ ಜಾಗವನ್ನಷ್ಟೇ ಹಂಚಿದರೆ ಸಾಕು. ಮಿಲ್ ಅಂದರೆ ತುಂಬಾ ಶೆಡ್‌ಗಳೇ ಅಲ್ವಾ? ಖಾಲಿ ಜಾಗ ಎಲ್ಲಿರುತ್ತೆ! ಹಾಗಾಗಿ ಹೆಚ್ಚಿನ ಜಾಗ ಮಾಲೀಕರಿಗೇ ಉಳಿಯಿತು, ಅಲ್ಲಿ ಟವರ್‌ಗಳು ಎದ್ದವು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು.

ನಾನು ಬೆಳೆದದ್ದು ಅಲ್ಲೇ ಒಂದು ಚಾಳಿನಲ್ಲಿ, ಅಂದರೆ ಒಂದೊಂದೇ ಖೋಲಿಯ (ಕೋಣೆಯ) ಮನೆಗಳು ಸಾಲಾಗಿರುವ ಕಟ್ಟಡದಲ್ಲಿ. ಹತ್ತು ಖೋಲಿಗೆ ಒಂದೇ ಉದ್ದ ಗ್ಯಾಲರಿ. ಅಮ್ಮ ಅದರ ಕಟಕಟೆ ಪಕ್ಕ ಹಪ್ಪಳ ಒಣಗಿಸಿದರೆ ಪಕ್ಕದ ಮರಾಠಿ ಮಾವುಶಿ ಕಾಗೆ ಓಡಿಸುತ್ತಿದ್ದರು. ಮಿಲ್ಲಿನ ಭೋಂಗಾ (ಸೈರನ್) ಕೂಗಿದರೆ ಅಪ್ಪನ ಹೋಟೆಲಿನಲ್ಲಿ ಚಹಾಕ್ಕೆ ನೂಕುನುಗ್ಗಲು.

ಹತ್ತಿರದ ವರಳಿಯಲ್ಲಿ ಬ್ರಿಟಿಷರ ಕಾಲದ ಬಿಡಿಡಿ ಚಾಳುಗಳನ್ನು ಕೆಡವಿ ಹೊಸದಾಗಿ ಕಟ್ಟುತ್ತಿದ್ದಾರೆ; 160 ಚದರಡಿಯ ಖೋಲಿಯವರಿಗೆ ಈಗ 500 ಚದರಡಿಯ ಫ್ಲ್ಯಾಟ್, ಒಳಗೇ ಶೌಚಾಲಯ. ಸಾಲಿನಲ್ಲಿ ಬಕೆಟ್ ಹಿಡಿದು ನಿಂತವನಿಗೆ ಅದರ ಬೆಲೆ ಗೊತ್ತು, ಸುಮ್ನೆ ಹಳೇದೇ ಚೆನ್ನಾಗಿತ್ತು ಅನ್ನಲಾರೆ. ಹೊಸ ಮನೆಯಲ್ಲಿ ಗ್ಯಾಲರಿ ಇಲ್ಲ, ಲಿಫ್ಟ್ ಇದೆ. ಅಮ್ಮ ಹಪ್ಪಳವನ್ನು ಫ್ಯಾನಿನ ಕೆಳಗೆ ಒಣಗಿಸುತ್ತಾಳೆ.