ಯುದ್ಧದ ಸಿನಿಮಾ ಕುರಿತ ನಿಮ್ಮ ಲೇಖನಕ್ಕೆ ಉತ್ತರ

ನಮಸ್ಕಾರ,

ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಪ್ರಚಾರ ಸಿನಿಮಾಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಎಲ್ಲ ಜನಾಂಗದವರನ್ನೂ ತೆರೆಯ ಮೇಲೆ ಒಟ್ಟಿಗೆ ತಂದು ಆ ಸಿನಿಮಾಗಳು ಸಮಾನತೆಯ ದಾರಿ ತೋರಿಸಿದವು ಅನ್ನುವುದು ನಿಮ್ಮ ವಾದ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ.

ನೀವು ಸಿನಿಮಾ ಮೇಲೆ ಸಿನಿಮಾ ಹೆಸರಿಸಿ, ಯಾವುದರಲ್ಲಿ ಯಾರಿದ್ದರು ಅಂತ ಪಟ್ಟಿ ಕೊಟ್ಟಿದ್ದೀರಿ. ಅದೇ ಹೊತ್ತಿಗೆ ಹೊರಗೆ ಏನು ನಡೆಯುತ್ತಿತ್ತು ಅನ್ನುವುದು ಎಲ್ಲೂ ಬಂದಿಲ್ಲ. ಫಿಲಿಪೈನ್ಸ್‌ನಲ್ಲಿ ಜಪಾನಿಯರ ವಿರುದ್ಧ ನಡೆದ ಕಾಳಗದ ಸಿನಿಮಾ, 1943ರ ‘ಬಟಾನ್’ ತಗೊಳ್ಳಿ. ಬಿಳಿಯರ ಜೊತೆ ಭುಜಕ್ಕೆ ಭುಜ ಕೊಟ್ಟು ಹೋರಾಡುವ ಕಪ್ಪು ಸೈನಿಕನ ಪಾತ್ರದಲ್ಲಿ ಕೆನೆತ್ ಸ್ಪೆನ್ಸರ್ ಇದ್ದಾರೆ, ಫಿಲಿಪಿನೊ ಸೈನಿಕರೂ ಇದ್ದಾರೆ. ನೀವು ಮೆಚ್ಚಿದ್ದೀರಿ, ಸರಿ. ಆದರೆ ಆಗ ಅಮೆರಿಕದ ಸೇನೆಯಲ್ಲಿ ಕಪ್ಪು ಸೈನಿಕರ ತುಕಡಿಗಳೇ ಬೇರೆ ಇದ್ದವು. ಕಪ್ಪು ಜನ ಕೊಟ್ಟ ರಕ್ತವನ್ನೂ ರೆಡ್ ಕ್ರಾಸ್ ಬೇರೆಯೇ ಇಡುತ್ತಿತ್ತು! ಸೇನೆಯಲ್ಲಿ ಈ ಭೇದ ಹೋಗಬೇಕು ಅಂತ ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿದ್ದು 1948ರಲ್ಲಿ. ಹಾಗಾದರೆ ಇಲ್ಲದ ಸೇನೆಯನ್ನು ಸಿನಿಮಾ ಯಾಕೆ ತೋರಿಸಿತು? ಲೇಖನ ಶುರು ಆಗಬೇಕಾದದ್ದು ಇಲ್ಲಿಂದ.

ಉತ್ತರ ನಿಮ್ಮ ಹತ್ತಿರವೇ ಇದೆ. ‘ದಿ ನೀಗ್ರೋ ಸೋಲ್ಜರ್’ ಬಗ್ಗೆ ಸುಮ್ನೆ ಎರಡು ಸಾಲು ಬರೆದು ಮುಂದೆ ಹೋಗಿದ್ದೀರಿ, ಅದೇ ನಿಮ್ಮ ಲೇಖನದ ಜೀವ. 1944ರಲ್ಲಿ ಸೇನೆಗಾಗಿ ಹಾಲಿವುಡ್ ನಿರ್ದೇಶಕ ಫ್ರಾಂಕ್ ಕಾಪ್ರಾ ಅವರ ಘಟಕ ಮಾಡಿದ ಚಿತ್ರ ಅದು. ಬರೆದವರು ಕಾರ್ಲ್‌ಟನ್ ಮಾಸ್ ಅನ್ನುವ ಕಪ್ಪು ಬರಹಗಾರ, ಚರ್ಚಿನಲ್ಲಿ ಮಾತಾಡುವ ಪಾದ್ರಿಯ ಪಾತ್ರವೂ ಅವರದೇ. ಬಾಕ್ಸರ್ ಜೋ ಲೂಯಿಸ್ ಇದ್ದಾರೆ, ಓಟಗಾರ ಜೆಸ್ಸಿ ಓವೆನ್ಸ್ ಇದ್ದಾರೆ, ಹಳೆಯ ಯುದ್ಧಗಳಲ್ಲಿ ಸತ್ತ ಕಪ್ಪು ವೀರರು ಇದ್ದಾರೆ, ಆದರೆ ಗುಲಾಮಗಿರಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಯಾಕೆ ಅಂದರೆ ಸೇನೆಗೆ ಕಪ್ಪು ಯುವಕರು ಬೇಕಿತ್ತು, ಅವರ ಸಿಟ್ಟು ಬೇಕಿರಲಿಲ್ಲ. ಆ ಸಿಟ್ಟು ಸಣ್ಣದಾಗಿರಲಿಲ್ಲ: 1942ರಲ್ಲೇ ಕಪ್ಪು ಜನರ ಪತ್ರಿಕೆ ‘ಪಿಟ್ಸ್‌ಬರ್ಗ್ ಕೊರಿಯರ್’ ಹೊರಗಿನ ಶತ್ರುವಿನ ಮೇಲೂ ಒಳಗಿನ ಭೇದದ ಮೇಲೂ ಗೆಲುವು ಬೇಕು ಅಂತ ‘ಡಬಲ್ ವಿ’ (ಎರಡು ವಿಕ್ಟರಿ, ಅಂದರೆ ಎರಡು ಗೆಲುವು) ಚಳವಳಿ ನಡೆಸಿತ್ತು, ಅದಕ್ಕೆ ಕಿಡಿ ಹಚ್ಚಿದ್ದು ಒಬ್ಬ ಓದುಗ ಸಂಪಾದಕರಿಗೆ ಬರೆದ ಪತ್ರ. ಈ ಪತ್ರ ನಿಮ್ಮ ಲೇಖನದಲ್ಲಿ ಇರಲೇಬೇಕು.

ಹಾಗಂತ ಇಡೀ ಚಿತ್ರ ಬರೀ ಮೋಸ ಅಂತಲೂ ಬರೆಯಬೇಡಿ. ಅಲ್ಲಿಯವರೆಗೆ ಹಾಲಿವುಡ್‌ನಲ್ಲಿ ಕಪ್ಪು ನಟರಿಗೆ ಸಿಗುತ್ತಿದ್ದದ್ದು ಜಾಸ್ತಿ ಆಳಿನ ಪಾತ್ರ, ನಗಿಸುವ ಪಾತ್ರ. ಮಾಸ್ ಸರ್ಕಾರದ ದುಡ್ಡಿನಲ್ಲೇ ತಮ್ಮ ಜನರನ್ನು ಘನತೆಯಿಂದ ತೋರಿಸಿದರು. ಎಷ್ಟು ಬಿಟ್ಟುಕೊಟ್ಟರು, ಎಷ್ಟು ಗಿಟ್ಟಿಸಿಕೊಂಡರು? ಇದನ್ನು ನಿಧಾನವಾಗಿ ಬರೆಯಿರಿ.

ಇನ್ನೊಂದು. ‘ಎಲ್ಲ ಜನಾಂಗದವರೂ’ ಅನ್ನುವ ಮಾತು ತೆಗೆಯಿರಿ. ಅಧ್ಯಕ್ಷ ರೂಸ್‌ವೆಲ್ಟ್ ಅವರ 1942ರ ಆದೇಶದ ನಂತರ ಸುಮಾರು 1,20,000 ಜಪಾನಿ ಮೂಲದವರನ್ನು ಅಮೆರಿಕ ಶಿಬಿರಗಳಲ್ಲಿ ಕೂಡಿಹಾಕಿತ್ತು, ಅವರಲ್ಲಿ ಹೆಚ್ಚಿನವರು ಅಮೆರಿಕದ ನಾಗರಿಕರೇ. ಸಿನಿಮಾದ ಜಪಾನಿ ಖಳರಾಗಿ ಚೀನೀ ಮೂಲದ ರಿಚರ್ಡ್ ಲೂ, ಕೊರಿಯನ್ ಮೂಲದ ಫಿಲಿಪ್ ಆನ್ ನಟಿಸುತ್ತಿದ್ದರು. ತೆರೆಯ ಮೇಲಿನ ಒಗ್ಗಟ್ಟಿನಿಂದ ಯಾರನ್ನು ಹೊರಗಿಟ್ಟರು ಅಂತ ಓದುಗರಿಗೆ ಗೊತ್ತಾಗಬೇಕು ಅಲ್ವಾ?

ಪಟ್ಟಿ ಕಿತ್ತುಹಾಕಿ, ಈ ಎರಡೇ ಸಿನಿಮಾ ಇಟ್ಟುಕೊಳ್ಳಿ. ಚರ್ಚಿನ ದೃಶ್ಯದ ಬಗ್ಗೆ ನೀವು ಬರೆದ ಎರಡು ಸಾಲು ಚೆನ್ನಾಗಿವೆ, ಅವನ್ನು ಬೆಳೆಸಿ. ತಿದ್ದಿ ಮತ್ತೆ ಕಳಿಸಿ, ಖಂಡಿತ ಓದುತ್ತೇನೆ.