ತೋಡಿನ ಗುಂಡುಕಲ್ಲು ಮತ್ತು ಒರೆಗಾನ್‌ನ ಥಂಡರ್‌ಎಗ್

ನಮಸ್ಕಾರ. ಅಳಿಯ ಅಮೆರಿಕದ ಒರೆಗಾನ್‌ನಿಂದ ತಂದ ಥಂಡರ್‌ಎಗ್‌ನಂಥದ್ದೇ (ಒಳಗೆ ಹರಳು ತುಂಬಿದ ಗುಂಡು) ಕಲ್ಲು ಸೋಮವಾರಪೇಟೆಯ ನಿಮ್ಮ ತೋಟದ ತೋಡಿನಲ್ಲೂ ಸಿಕ್ಕಿರಬಹುದೇ, ಎರಡನ್ನೂ ಕೊಯ್ದು ಪದಕಕ್ಕೆ ಹರಳು ಮಾಡಬಹುದೇ ಎಂದು ಕೇಳಿದ್ದೀರಿ.

ತೋಡಿನದು ಥಂಡರ್‌ಎಗ್ ಅಲ್ಲ. ಥಂಡರ್‌ಎಗ್ ಹುಟ್ಟುವುದು ಜ್ವಾಲಾಮುಖಿಯ ರಯೋಲೈಟ್ (ಲಾವಾ ಗಟ್ಟಿಯಾದ ಶಿಲೆ) ಮತ್ತು ಬೂದಿಯ ಪದರಗಳಲ್ಲಿ. ಕೊಡಗಿನದು ಹೆಚ್ಚಾಗಿ ನೈಸ್, ಚಾರ್ನೊಕೈಟ್ ಎಂಬ ಗಟ್ಟಿ ಶಿಲೆಗಳ ಬಹುಪ್ರಾಚೀನ ನೆಲ. ಇಲ್ಲಿನ ಗುಂಡುಕಲ್ಲು ನೀರಿನಲ್ಲಿ ಉರುಳಿ ನುಣುಪಾದದ್ದು. ಥಂಡರ್‌ಎಗ್‌ನ ಹೊರಮೈ ಒರಟು, ಗಂಟುಗಂಟು. ಒಳಗೆ ನಕ್ಷತ್ರದಾಕಾರದ ಅಗೇಟ್, ಅಂದರೆ ಸಿಲಿಕಾದ ಹರಳುಕಲ್ಲು. 1965ರಿಂದ ಥಂಡರ್‌ಎಗ್ ಒರೆಗಾನ್ ರಾಜ್ಯದ ಅಧಿಕೃತ ಶಿಲೆ.

ಅಳಿಯ ತಂದದ್ದನ್ನು ಮಾತ್ರ ಕೊಯ್ಯಿಸಿ. ದಯವಿಟ್ಟು ಸುತ್ತಿಗೆಯಿಂದ ಒಡೆಯಬೇಡಿ, ಅಗೇಟ್ ಸೀಳುಬಿಡುತ್ತದೆ. ನೀರು ಹರಿಯುವ ಡೈಮಂಡ್ ಬ್ಲೇಡ್‌ನಲ್ಲಿ ಸುಮಾರು 6 ಮಿಲಿಮೀಟರ್ ದಪ್ಪದ ಹಲ್ಲೆ ತೆಗೆಯಿರಿ. ಚಿತ್ರ ಚೆನ್ನಾಗಿರುವ ಕಡೆ ಅಂಡಾಕಾರ ಗುರುತಿಸಿ, ಹೊರಗಿನದನ್ನು ಕತ್ತರಿಸಿ, ಅರಗಿನಿಂದ ಕಡ್ಡಿಗೆ ಅಂಟಿಸಿ ಸಾಣೆ ಹಿಡಿಯಿರಿ. 80ರ ಗ್ರಿಟ್‌ನಲ್ಲಿ (ಸಾಣೆಯ ಕಣದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಣ ನುಣ್ಣಗೆ) ಗುಮ್ಮಟದ ಆಕಾರ ಬರುತ್ತದೆ. ಆಮೇಲೆ 220, 600, 1200. ಅವಸರ ಮಾಡುವವರು ಕೆಡಿಸುವುದು ಇಲ್ಲಿಯೇ. ಒದ್ದೆ ಕಲ್ಲಿನಲ್ಲಿ ಗೀರು ಕಾಣಿಸುವುದಿಲ್ಲ. ಪ್ರತಿ ಹಂತದಲ್ಲೂ ಒರೆಸಿ, ಒಣಗಿಸಿ, ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಬಿಳಿ ಗೆರೆ ಒಂದಿದ್ದರೂ ಹಿಂದಿನ ಗ್ರಿಟ್‌ಗೆ ಮರಳಿ. ಕೊನೆಗೆ ಚರ್ಮದ ಮೇಲೆ ಸೀರಿಯಂ ಆಕ್ಸೈಡ್ ಎಂಬ ಹೊಳಪಿನ ಪುಡಿ ಹಚ್ಚಿ ಉಜ್ಜಿದರೆ ಗಾಜಿನಂಥ ಹೊಳಪು ಬರುತ್ತದೆ.

ಒಣಗಿದ್ದಾಗ ಎಂದೂ ಅರೆಯಬೇಡಿ. ಆ ಸಿಲಿಕಾ ಧೂಳು ಶ್ವಾಸಕೋಶವನ್ನು ಶಾಶ್ವತವಾಗಿ ಹಾಳುಮಾಡುತ್ತದೆ. ನೀರು ಹರಿಯುತ್ತಿದ್ದರೂ ಒಳ್ಳೆಯ ಮಾಸ್ಕ್ ಇರಲಿ.